ಕಲ್ಲಿನಲ್ಲಿ ನೆಟ್ಟ ಖಡ್ಗದ ಸಿನಿಮಾ: ನೋಡಿದವರ ಅಭಿಪ್ರಾಯ ಕೂಡಿಸಿ ಬರೆಯುವುದು ಹೇಗೆ?

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಬೇಸಿಗೆ ರಜೆಯ ಶಿಬಿರ ನಡೆಸುವವರು ಮಕ್ಕಳಿಗೆ ಒಂದಾದರೂ ಸಿನಿಮಾ ತೋರಿಸಿ, ಮುಗಿದ ಮೇಲೆ ‘ಹೆಂಗಿತ್ತು?’ ಎಂದು ಕೇಳುತ್ತಾರೆ. ಇಡೀ ಪಡಸಾಲೆ ‘ಚಲೋ ಇತ್ರೀ’ ಎಂದು ಒಂದೇ ಉಸಿರಿನಲ್ಲಿ ಕೂಗುತ್ತದೆ. ಶಿಬಿರದ ವರದಿಗೆ ‘ಮಕ್ಕಳು ಚಿತ್ರವನ್ನು ಬಹಳ ಮೆಚ್ಚಿಕೊಂಡರು’ ಎಂಬ ವಾಕ್ಯ ಸೇರುತ್ತದೆ. ಆ ವಾಕ್ಯ ಯಾವ ಚಿತ್ರಕ್ಕೂ ಹೊಂದುತ್ತದೆ. ಹಾಗಾಗಿ ಅದು ಯಾವ ಚಿತ್ರದ ಬಗೆಗೂ ಏನನ್ನೂ ಹೇಳುವುದಿಲ್ಲ. ನೋಡಿದವರು ನಿಜವಾಗಿ ಏನು ಕಂಡರು, ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು, ಯಾವ ಮಾತಿಗೆ ಜಗಳವಾಡಿದರು ಎಂಬುದನ್ನು ಕೂಡಿಸಿ, ಶಿಬಿರದ ಗೋಡೆಪತ್ರಿಕೆಗೋ ಶಾಲೆಯ ವಾರ್ಷಿಕ ಸಂಚಿಕೆಗೋ ಓದುವಂಥ ಒಂದು ಬರಹ ಮಾಡಬೇಕೆನ್ನುವವರಿಗಾಗಿ ಈ ಮಾರ್ಗದರ್ಶಿ.

ಉದಾಹರಣೆಗೆ ಆರಿಸಿಕೊಂಡಿರುವುದು ವಾಲ್ಟ್ ಡಿಸ್ನಿ ಸಂಸ್ಥೆಯ ‘ದಿ ಸೋರ್ಡ್ ಇನ್ ದ ಸ್ಟೋನ್’ ಎಂಬ ಅನಿಮೇಷನ್ ಚಿತ್ರ. ಇದನ್ನು ಆರಿಸಿದ್ದಕ್ಕೆ ಕಾರಣವಿದೆ. ಈ ಚಿತ್ರವನ್ನು ಪ್ರೀತಿಸುವವರೂ ಇದರಲ್ಲಿ ಕಥೆಯೇ ಸರಿಯಾಗಿ ಕೂಡಿಲ್ಲ ಎಂದು ಗೊಣಗುತ್ತಾರೆ, ಗೊಣಗುವವರೂ ಎರಡು ಮೂರು ದೃಶ್ಯಗಳನ್ನು ಬಾಯಿಪಾಠ ಮಾಡಿದಂತೆ ವರ್ಣಿಸುತ್ತಾರೆ. ಇಂಥ ಚಿತ್ರದ ಬಗ್ಗೆ ‘ಚಲೋ’ ಅಥವಾ ‘ಚಲೋ ಇಲ್ಲ’ ಎಂಬ ಎಣಿಕೆ ಮಾಡಿ ಫಲವಿಲ್ಲ. ಪ್ರತಿ ಅಭಿಪ್ರಾಯವನ್ನೂ ಒಂದು ದೃಶ್ಯಕ್ಕೆ ಕಟ್ಟಬೇಕು, ಆ ದೃಶ್ಯವನ್ನು ನೋಡಿದವರು ಯಾವ ವಯಸ್ಸಿನವರು, ಮೊದಲು ಏನು ಕೇಳಿಕೊಂಡು ಬಂದವರು ಎಂಬುದನ್ನು ಪಕ್ಕದಲ್ಲಿ ಬರೆಯಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಮೊದಲು ಚಿತ್ರದ ಬಗ್ಗೆ ನೀವು ತಿಳಿದಿರಬೇಕಾದದ್ದು

ಅಭಿಪ್ರಾಯ ಕೇಳುವವನಿಗೆ ಚಿತ್ರದ ಹಿನ್ನೆಲೆ ಗೊತ್ತಿಲ್ಲದಿದ್ದರೆ, ಯಾರಾದರೂ ಒಂದು ಸೂಕ್ಷ್ಮವನ್ನು ಹೇಳಿದಾಗ ಅದನ್ನು ಗುರುತಿಸಲು ಆಗುವುದಿಲ್ಲ. ಚಿತ್ರ ಅಮೆರಿಕದಲ್ಲಿ 1963ರ ಕ್ರಿಸ್‌ಮಸ್ ದಿನ ಬಿಡುಗಡೆಯಾಯಿತು. ಅವಧಿ 79 ನಿಮಿಷ, ನಿರ್ದೇಶಕ ವೂಲ್ಫ್‌ಗ್ಯಾಂಗ್ ರೈದರ್‌ಮನ್, ಚಿತ್ರಕಥೆ ಬಿಲ್ ಪೀಟ್ ಅವರದು. ಮೂಲ ಟಿ. ಎಚ್. ವೈಟ್ ಅವರು 1938ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ. ವಾಲ್ಟ್ ಡಿಸ್ನಿ ಬದುಕಿದ್ದಾಗ ಬಿಡುಗಡೆಯಾದ ಅವರ ಸಂಸ್ಥೆಯ ಕೊನೆಯ ಪೂರ್ಣಾವಧಿ ಅನಿಮೇಷನ್ ಚಿತ್ರವೂ ಇದೇ. ಅವರು 1966ರ ಡಿಸೆಂಬರಿನಲ್ಲಿ ತೀರಿಕೊಂಡರು, ಮರುವರ್ಷ ಬಂದ ‘ದ ಜಂಗಲ್ ಬುಕ್’ ಅವರ ಕಣ್ಣಿಗೆ ತೆರೆಯ ಮೇಲೆ ಬೀಳಲಿಲ್ಲ. ಹಾಡುಗಳು ಶರ್ಮನ್ ಸೋದರರವು, ಹಿನ್ನೆಲೆ ಸಂಗೀತ ಜಾರ್ಜ್ ಬ್ರನ್ಸ್ ಅವರದು. ಆ ಸಂಗೀತ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಕಥೆಯ ಹಂದರ ಸರಳ. ಇಂಗ್ಲೆಂಡಿನ ರಾಜ ತೀರಿಹೋಗಿ ಪಟ್ಟಕ್ಕೆ ಯಾರೆಂದು ತಿಳಿಯದಾಗ ಲಂಡನ್ನಿನಲ್ಲಿ ಒಂದು ಕಲ್ಲು, ಅದರ ಮೇಲೆ ಕಮ್ಮಾರರದೊಂದು ಅಡಿಗಲ್ಲು, ಅದರೊಳಗೆ ನೆಟ್ಟ ಖಡ್ಗ ಕಾಣಿಸಿಕೊಳ್ಳುತ್ತವೆ. ಅದನ್ನು ಎಳೆದವನೇ ರಾಜ. ಯಾರಿಂದಲೂ ಆಗದೆ ಜನ ಅದನ್ನು ಮರೆತೂ ಬಿಡುತ್ತಾರೆ. ದೂರದ ಒಂದು ಕೋಟೆಯಲ್ಲಿ ಸರ್ ಎಕ್ಟರ್ ಎಂಬವನ ಸಾಕುಮಗನಾಗಿ, ಅಡುಗೆಮನೆಯ ಪಾತ್ರೆ ತಿಕ್ಕಿಕೊಂಡಿರುವ ಹುಡುಗ ಆರ್ಥರ್. ಎಲ್ಲರೂ ಅವನನ್ನು ‘ವಾರ್ಟ್’ ಎಂದೇ ಕರೆಯುತ್ತಾರೆ. ಮರ್ಲಿನ್ ಎಂಬ ಮಾಂತ್ರಿಕ ಅವನಿಗೆ ಗುರುವಾಗಿ ಬಂದು, ಅವನನ್ನು ಮೀನಾಗಿ, ಅಳಿಲಾಗಿ, ಹಕ್ಕಿಯಾಗಿ ಮಾಡಿ ಪಾಠ ಹೇಳುತ್ತಾನೆ. ಕೊನೆಗೆ ಹುಡುಗ, ತನ್ನ ಅಣ್ಣನಂತಿರುವ ಕೇ ಎಂಬವನ ಖಡ್ಗವನ್ನು ವಸತಿಗೃಹದಲ್ಲಿ ಮರೆತು ಬಂದಿದ್ದರಿಂದ, ಕಣ್ಣಿಗೆ ಬಿದ್ದ ಇನ್ನೊಂದು ಖಡ್ಗವನ್ನು ಎಳೆದು ತರುತ್ತಾನೆ. ಅಷ್ಟೇ. ಖಡ್ಗದ ಮಾತು ಮೊದಲ ಕೆಲವು ನಿಮಿಷ, ಕೊನೆಯ ಕೆಲವು ನಿಮಿಷ. ನಡುವಿನ ಇಡೀ ಚಿತ್ರ ಪಾಠಗಳದ್ದು. ನೋಡುಗರ ಬಹುತೇಕ ದೂರು ಹುಟ್ಟುವುದು ಈ ಹಂಚಿಕೆಯಿಂದಲೇ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ತೋರಿಸುವ ಏರ್ಪಾಟು

ಮನೆಯಲ್ಲಿ ಕುಟುಂಬದವರು ಕೂತು ನೋಡುವುದಕ್ಕೂ ಸಮುದಾಯ ಭವನದಲ್ಲಿ ಓಣಿಯ ಜನರನ್ನೆಲ್ಲ ಕರೆದು ತೋರಿಸುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಶಾಲೆಯು ತನ್ನ ಚಟುವಟಿಕೆಯ ಭಾಗವಾಗಿ ತನ್ನ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ಪಾಲಕರಿಗೆ ಮಾತ್ರ ತೋರಿಸುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಉಂಟು. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು. ನಿಮ್ಮದು ಶಾಲೆಯಲ್ಲದಿದ್ದರೆ ಸುಲಭದ ದಾರಿ ಎಂದರೆ, ಐದಾರು ಮನೆಯವರು ಒಂದೇ ವಾರದಲ್ಲಿ ತಮ್ಮ ತಮ್ಮ ಮನೆಯಲ್ಲಿ ಅಧಿಕೃತ ಪ್ರತಿಯನ್ನು ನೋಡಿಕೊಂಡು, ಭಾನುವಾರ ಸಂಜೆ ಒಂದು ಕಡೆ ಕೂಡುವುದು. ಇದರಿಂದ ಇನ್ನೊಂದು ಲಾಭವಿದೆ: ಗುಂಪಿನಲ್ಲಿ ಒಬ್ಬ ನಕ್ಕರೆ ಎಲ್ಲರೂ ನಗುತ್ತಾರೆ, ಮನೆಯಲ್ಲಿ ನೋಡಿದವರ ನಗು ಅವರದೇ ಆಗಿರುತ್ತದೆ.

ಇಂಗ್ಲಿಷ್ ಸಂಭಾಷಣೆ ಸಣ್ಣ ಮಕ್ಕಳಿಗೆ ತೊಡಕಾಗುತ್ತದೆ, ಅದರಲ್ಲೂ ಮರ್ಲಿನ್ ಮತ್ತು ಅವನ ಗೂಬೆ ಆರ್ಕಿಮಿಡೀಸ್ ಮಾತಿಗೆ ಮಾತು ಸೇರಿಸಿ ಓಡುವಾಗ. ಪಕ್ಕದಲ್ಲಿ ಕೂತ ಹಿರಿಯರು ಆಗಾಗ ಒಂದೊಂದು ವಾಕ್ಯ ಕನ್ನಡದಲ್ಲಿ ಹೇಳಿದರೆ ಸಾಕು. ಆದರೆ ಆರಂಭಕ್ಕೆ ಮುಂಚೆ ಇಡೀ ಕಥೆಯನ್ನು ಹೇಳಿಬಿಡಬೇಡಿ. ಮುಖ್ಯವಾಗಿ, ‘ಇದರಲ್ಲಿ ಒಂದು ನೀತಿ ಇದೆ, ಗಮನ ಕೊಟ್ಟು ನೋಡ್ರಿ’ ಎಂದು ಎಚ್ಚರಿಸಬೇಡಿ. ಹಾಗೆ ಹೇಳಿದ ಮೇಲೆ ಮಕ್ಕಳು ಕೊಡುವುದು ಅಭಿಪ್ರಾಯವಲ್ಲ, ಪರೀಕ್ಷೆಯ ಉತ್ತರ.

ಗಿರಮಿಟ್ಟು, ಮಿರ್ಚಿ ಭಜಿ, ಚಹಾದ ಏರ್ಪಾಟು ಇದ್ದರೆ ಅದನ್ನು ಮಾತುಕತೆಯ ನಂತರಕ್ಕೆ ಇಡಿ. ತಟ್ಟೆ ಕೈಗೆ ಬಂದ ಕ್ಷಣ ಚರ್ಚೆ ಭಜಿಯ ಖಾರದ ಕಡೆಗೆ ಹೊರಳುವುದನ್ನು ತಡೆಯುವ ಉಪಾಯ ಈ ಭಾಗದಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಕೇಳುವ ಪ್ರಶ್ನೆ

‘ನಿಮಗೆ ಚಿತ್ರ ಇಷ್ಟವಾಯಿತೇ?’ ಎಂಬ ಪ್ರಶ್ನೆಯನ್ನು ಕೈಬಿಡಿ. ಅದರ ಬದಲು ‘ಮನೆಗೆ ಹೋದ ಮೇಲೆ ಅಜ್ಜಿಗೆ ಹೇಳುವುದಾದರೆ ಯಾವ ಭಾಗ ಹೇಳ್ತಿ?’ ಎಂದು ಕೇಳಿ. ಮಗು ತಾನಾಗಿ ಆರಿಸಿಕೊಳ್ಳುವ ದೃಶ್ಯವೇ ಅದರ ಮೊದಲ ಅಭಿಪ್ರಾಯ. ಎರಡನೆಯದಾಗಿ, ‘ಎಲ್ಲಿ ಎದ್ದು ನೀರು ಕುಡಿಯಲು ಹೋಗಬೇಕು ಅನಿಸಿತು?’ ಎಂದು ಕೇಳಿ. ಬೇಸರವಾಯಿತೇ ಎಂದು ನೇರವಾಗಿ ಕೇಳಿದರೆ ನಮ್ಮ ಮಕ್ಕಳು ಮರ್ಯಾದೆಗೆ ‘ಇಲ್ರೀ’ ಎನ್ನುತ್ತಾರೆ, ನೀರಿನ ಪ್ರಶ್ನೆಗೆ ಮಾತ್ರ ಸತ್ಯ ಹೇಳುತ್ತಾರೆ. ಮೂರನೆಯದು ದೊಡ್ಡವರಿಗೆ: ‘ನೀವು ಕಾದಿದ್ದು ಏನು, ಸಿಗದೇ ಹೋದದ್ದು ಏನು?’ ದಂತಕಥೆಯ ರಾಜ ಆರ್ಥರನ ಹೆಸರು ಕೇಳಿ ಬಂದವರು ಅವನ ವೀರರು ಕೂಡುವ ದುಂಡು ಮೇಜು, ವೀರ ಲ್ಯಾನ್ಸಲಾಟ್, ರಾಣಿ ಗ್ವಿನೆವಿಯರ್ ಇವರನ್ನೆಲ್ಲ ನಿರೀಕ್ಷಿಸಿರುತ್ತಾರೆ. ಈ ಚಿತ್ರ ಆರ್ಥರ್ ಪಟ್ಟಕ್ಕೇರುವಲ್ಲಿಗೆ ಮುಗಿಯುವುದರಿಂದ ಅವರಾರೂ ಬರುವುದಿಲ್ಲ. ಆ ನಿರಾಸೆಯನ್ನು ಚಿತ್ರದ ದೋಷವೆಂದು ಬರೆದುಕೊಳ್ಳುವ ಮುಂಚೆ, ಅದು ನಿರೀಕ್ಷೆಯ ದೋಷವೋ ಎಂಬುದನ್ನು ಒಂದು ಮರುಪ್ರಶ್ನೆಯಿಂದ ಬೇರ್ಪಡಿಸಿಕೊಳ್ಳಬೇಕು.

ಆರು ವರ್ಷದೊಳಗಿನವರಿಗೆ ಪ್ರಶ್ನೆ ಬೇಡ. ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಬಿಡಿ. ಬರೆದ ಚಿತ್ರದ ಮೂಲೆಯಲ್ಲಿ ಅದು ಏನೆಂದು ಮಗುವಿನಿಂದಲೇ ಕೇಳಿ ಗುರುತು ಹಾಕಿ.

ಅಭಿಪ್ರಾಯ ಒಡೆಯುವ ಜಾಗಗಳು

ಈ ಚಿತ್ರದಲ್ಲಿ ಮಾತು ತಾನಾಗಿ ಹುಟ್ಟುವ ಕೆಲವು ಜಾಗಗಳಿವೆ. ಅವುಗಳನ್ನು ಮೊದಲೇ ತಿಳಿದಿದ್ದರೆ ಚರ್ಚೆ ಸೊರಗಿದಾಗ ಅಲ್ಲಿಗೆ ಕರೆದೊಯ್ಯಬಹುದು.

ಮೊದಲನೆಯದು ಮಾಂತ್ರಿಕರ ಕಾಳಗ. ಮರ್ಲಿನ್ ಮತ್ತು ಮ್ಯಾಡಂ ಮಿಮ್ ಎಂಬ ಮಾಟಗಾತಿ ರೂಪ ಬದಲಿಸುತ್ತ ಹೊಡೆದಾಡುವ ಈ ಭಾಗವನ್ನು ಮೆಚ್ಚದವರನ್ನು ಹುಡುಕುವುದು ಕಷ್ಟ, ಹೀಗಾಗಿ ‘ಎಲ್ಲರಿಗೂ ಇಷ್ಟವಾಯಿತು’ ಎಂದು ಬರೆದು ಮುಂದೆ ಹೋಗುವ ಆಸೆ ಬರುತ್ತದೆ. ಅಲ್ಲೇ ನಿಲ್ಲಿ. ಕಾಳಗಕ್ಕೆ ಮುಂಚೆ ಮಿಮ್ ತಾನೇ ನಿಯಮ ಹೇಳುತ್ತಾಳೆ: ಪ್ರಾಣಿಗಳಾಗಬೇಕು, ಗಿಡ ಅಥವಾ ಕಲ್ಲು-ಮಣ್ಣು ಆಗಕೂಡದು, ಗುಲಾಬಿ ಬಣ್ಣದ ಡ್ರ್ಯಾಗನ್ನಿನಂಥ ಇಲ್ಲದ ಪ್ರಾಣಿಯಾಗಕೂಡದು, ಮಾಯವಾಗಕೂಡದು. ಮೋಸ ಮಾಡಕೂಡದು ಎಂಬ ನಾಲ್ಕನೆಯದನ್ನು ಮರ್ಲಿನ್ ಸೇರಿಸುತ್ತಾನೆ. ಹೆಜ್ಜೆ ಎಣಿಸುತ್ತಿರುವಾಗಲೇ ಮಿಮ್ ಮಾಯವಾಗಿಬಿಡುತ್ತಾಳೆ. ಆನೆಯಾದವಳು ಇಲಿಯನ್ನು ಕಂಡು ಬೆದರುತ್ತಾಳೆ, ಘೇಂಡಾಮೃಗವಾದವಳನ್ನು ಮರ್ಲಿನ್ ಹೋತವಾಗಿ ಗುದ್ದಿ ಕೆಡವುತ್ತಾನೆ, ಕೊನೆಗೆ ಅವಳು ನೇರಳೆ ಬಣ್ಣದ ಡ್ರ್ಯಾಗನ್ ಆಗಿ ನಿಂತು, ನೇರಳೆ ಬಣ್ಣದ್ದು ಆಗಬಾರದೆಂದು ತಾನೆಲ್ಲಿ ಹೇಳಿದ್ದೆ ಎಂದು ವಾದಿಸುತ್ತಾಳೆ. ಆಗ ಮರ್ಲಿನ್ ಕಣ್ಣಿಗೆ ಕಾಣದ ರೋಗಾಣುವಾಗಿ ಅವಳನ್ನು ಹಾಸಿಗೆ ಹಿಡಿಸುತ್ತಾನೆ.

ಇಲ್ಲಿ ಕೇಳಬೇಕಾದದ್ದು ‘ಯಾರು ಮೋಸ ಮಾಡಿದರು?’ ಎಂದು. ಗಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಈ ಪ್ರಶ್ನೆ ಹೊಸದಲ್ಲ, ಯಾರ ಬ್ಯಾಟೋ ಅವರ ನಿಯಮ ಎಂಬ ನ್ಯಾಯವನ್ನು ಅವರು ದಿನವೂ ಅನುಭವಿಸಿದವರು. ಮಿಮ್ ಮೋಸಗಾತಿ ಎಂದು ಎಲ್ಲರೂ ಒಪ್ಪುತ್ತಾರೆ. ಮರ್ಲಿನ್ ರೋಗಾಣುವಾದದ್ದು ಸರಿಯೇ, ರೋಗಾಣು ಪ್ರಾಣಿಯೇ, ಕಾಣದಷ್ಟು ಸಣ್ಣವನಾಗುವುದು ಮಾಯವಾದಂತೆ ಅಲ್ಲವೇ ಎಂದು ಕೇಳಿದ ಕೂಡಲೇ ಗುಂಪು ಎರಡಾಗುತ್ತದೆ. ಆ ವಾದದ ಎರಡೂ ಕಡೆಯ ಒಂದೊಂದು ಮಾತನ್ನು ಬರೆದುಕೊಂಡರೆ ನಿಮ್ಮ ಬರಹದ ಉತ್ತಮ ಪರಿಚ್ಛೇದ ಸಿಕ್ಕಂತೆ. ಹಿರಿಯರು ಕೂತಿದ್ದರೆ ಅವರಿಗೆ ಬೇರೆಯದೇ ನೆನಪು ಬರಬಹುದು: ಮಂತ್ರವಾದಿ ಗುರು ಮತ್ತು ಶಿಷ್ಯ ಒಬ್ಬರ ಬೆನ್ನಿಗೊಬ್ಬರು ರೂಪ ಬದಲಿಸುತ್ತ ಓಡುವ ಕಥೆ ನಮ್ಮ ಜನಪದದಲ್ಲೂ ಇದೆ. ಅಂಥ ಕಥೆ ಕೇಳಿ ಬೆಳೆದವರಿಗೆ ಈ ಕಾಳಗ ಪರದೇಶದ್ದು ಅನಿಸುವುದಿಲ್ಲ. ಅವರು ಆ ಕಥೆಯನ್ನು ಹೇಳತೊಡಗಿದರೆ ತಡೆಯದೆ ಹೇಳಲು ಬಿಡಿ.

ಎರಡನೆಯದು ಅಳಿಲಿನ ದೃಶ್ಯ, ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದು ಇಲ್ಲಿಯೇ. ಅಳಿಲಾದ ವಾರ್ಟ್‌ನನ್ನು ಒಂದು ಹೆಣ್ಣು ಅಳಿಲು ಮೆಚ್ಚಿಕೊಂಡು ಬೆನ್ನು ಹತ್ತುತ್ತದೆ. ಅವನು ತಪ್ಪಿಸಿಕೊಂಡು ಓಡುವುದು, ಇತ್ತ ಮರ್ಲಿನ್‌ನ ಬೆನ್ನಿಗೂ ಒಂದು ದಪ್ಪ ಮುದಿ ಅಳಿಲು ಬೀಳುವುದು, ಇದೆಲ್ಲ ನಗೆಯೇ. ತೋಳ ಬಂದಾಗ ಆ ಪುಟ್ಟ ಅಳಿಲು ಅದರ ಕಾಲು ಕಚ್ಚಿ ವಾರ್ಟ್‌ನನ್ನು ಉಳಿಸುತ್ತದೆ. ಸಂತೋಷದಿಂದ ಅಪ್ಪಿಕೊಂಡ ಗಳಿಗೆಯಲ್ಲೇ ಮರ್ಲಿನ್ ಮಂತ್ರ ಹಾಕಿ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡುತ್ತಾನೆ. ಎದುರಿಗಿದ್ದ ಗೆಳೆಯ ಇದ್ದಕ್ಕಿದ್ದಂತೆ ಬೆಟ್ಟದಷ್ಟು ದೊಡ್ಡ ಪರಕೀಯ ಪ್ರಾಣಿಯಾದದ್ದನ್ನು ಕಂಡು ಅಳಿಲು ಬೆದರಿ ಮರವೇರುತ್ತದೆ. ಹುಡುಗ ತನ್ನ ತಪ್ಪಿಲ್ಲವೆಂದು ತಿಳಿಸಲು ಒದ್ದಾಡುತ್ತಾನೆ, ಅದಕ್ಕೆ ಅವನ ಭಾಷೆ ತಿಳಿಯದು. ಗುರುಶಿಷ್ಯರು ಹೊರಟು ಹೋಗುತ್ತಾರೆ, ಅಳಿಲು ಮರದಲ್ಲಿ ಕೂತು ಅಳುತ್ತದೆ. ಮುಂದಿನ ದೃಶ್ಯದಲ್ಲಿ ಅದರ ಸುದ್ದಿಯೇ ಇಲ್ಲ.

ಇಲ್ಲಿ ವಯಸ್ಸಿನ ಪ್ರಕಾರ ಅಭಿಪ್ರಾಯ ಬದಲಾಗುವುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಸಣ್ಣವರು ಬೆನ್ನಟ್ಟುವ ಭಾಗಕ್ಕೆ ನಗುತ್ತಾರೆ, ‘ಆಮ್ಯಾಲೆ ಅದಕ್ಕ ಏನಾತ್ರೀ?’ ಎಂದು ಕೇಳುತ್ತಾರೆ. ಹದಿಹರೆಯದವರು ಮುಜುಗರಪಟ್ಟು ಮಾತು ತಪ್ಪಿಸುತ್ತಾರೆ, ಒತ್ತಾಯ ಮಾಡಬೇಡಿ. ತಾಯಂದಿರಲ್ಲಿ ಕೆಲವರು ಮರ್ಲಿನ್ ಮೇಲೆ ಸಿಟ್ಟಾಗುತ್ತಾರೆ: ಪಾಠಕ್ಕಾಗಿ ಒಂದು ಜೀವಿಯ ಮನಸ್ಸನ್ನು ಮುರಿದ ಗುರು ಎಂಥವನು ಎಂಬ ಆಕ್ಷೇಪ ಸಣ್ಣದಲ್ಲ. ಪ್ರೀತಿ ಭೂಮಿಯ ಮೇಲಿನ ಎಲ್ಲಕ್ಕಿಂತ ದೊಡ್ಡ ಶಕ್ತಿ ಇರಬಹುದು ಎಂದು ಮರ್ಲಿನ್ ಕೊನೆಗೆ ಹೇಳುವ ಮಾತು ಆ ಅಳುವಿಗೆ ಸಾಟಿಯಾದ ಉತ್ತರವೇ ಎಂದು ಕೇಳಿ, ಬಂದ ಉತ್ತರಗಳನ್ನು ಹಾಗೆಯೇ ಬರೆದುಕೊಳ್ಳಿ.

ಮೂರನೆಯದು ಗುರುವಾಗಿ ಮರ್ಲಿನ್. ಧಾರವಾಡದಲ್ಲಿ ಯಾವ ಸಭೆ ಕೂಡಿಸಿದರೂ ಅದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಇದ್ದೇ ಇರುತ್ತಾರೆ. ವಿದ್ಯಾಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವರ ಮುಂದೆ ಈ ವಿಷಯ ಇಟ್ಟರೆ ಮಾತು ಬೇಗ ಮುಗಿಯುವುದಿಲ್ಲ, ಅದಕ್ಕೆ ಸಮಯ ಬಿಟ್ಟಿರಿ. ಮರ್ಲಿನ್ ತೋಳ್ಬಲಕ್ಕಿಂತ ಬುದ್ಧಿ ದೊಡ್ಡದೆಂದು ಹೇಳಿಕೊಡುತ್ತಾನೆ; ಕೋಟೆಯ ಕಂದಕದಲ್ಲಿ ದೊಡ್ಡ ಮೀನು ಬೆನ್ನಟ್ಟಿದಾಗ ಹುಡುಗ ತಾನೇ ಉಪಾಯ ಹುಡುಕಲಿ ಎಂದು ನೋಡುತ್ತ ನಿಲ್ಲುತ್ತಾನೆ, ಕೊನೆಗೆ ಹುಡುಗನನ್ನು ಉಳಿಸುವುದು ಗೂಬೆ. ಅನುಭವದಿಂದ ಕಲಿಸುವ ಈ ಪದ್ಧತಿಯನ್ನು ಮೆಚ್ಚುವವರು ಇದ್ದಂತೆ, ಅಕ್ಷರ ಕಲಿಸಲು ಕೂತವನು ಗೂಬೆಯೇ ಹೊರತು ಮರ್ಲಿನ್ ಅಲ್ಲ ಎಂದು ಬೊಟ್ಟು ಮಾಡುವ ಹಳೆಯ ಮೇಷ್ಟರೂ ಇರುತ್ತಾರೆ, ಅವರ ಮಾತು ನಿಜ. ಹುಡುಗ ಕೇಯ ಸೇವಕನಾಗಿ ಲಂಡನ್ನಿಗೆ ಹೋಗುವುದೇ ದೊಡ್ಡ ಭಾಗ್ಯ ಎಂದು ಹಿಗ್ಗಿದಾಗ ಮರ್ಲಿನ್ ಸಿಟ್ಟಿನಿಂದ ಬರ್ಮುಡಾಕ್ಕೆ ಹಾರಿಹೋಗುತ್ತಾನೆ. ಶಿಷ್ಯನ ಸಣ್ಣ ಸಂತೋಷವನ್ನು ಸಹಿಸದ ಗುರುವಿನ ಬಗ್ಗೆ ಮಕ್ಕಳು ಏನೆನ್ನುತ್ತಾರೆ, ಪಾಲಕರು ಏನೆನ್ನುತ್ತಾರೆ ಎಂಬುದನ್ನು ಬೇರೆ ಬೇರೆ ಕೇಳಿ. ಟ್ಯೂಷನ್ನಿಗೆ ಹೋಗುವ ಹುಡುಗರ ಉತ್ತರ ಕೇಳಲು ಪಾಲಕರು ಹತ್ತಿರ ಇಲ್ಲದಿರುವುದು ಒಳ್ಳೆಯದು.

ನಾಲ್ಕನೆಯದು ಮುಕ್ತಾಯ. ದೊಡ್ಡವರ ದೂರು ಹೆಚ್ಚಾಗಿ ಇಲ್ಲಿದೆ: ಖಡ್ಗ ಎಳೆದ ಕೂಡಲೇ ಎಲ್ಲ ಮುಗಿದುಹೋಯಿತು, ಕಲಿತ ಪಾಠಗಳಲ್ಲಿ ಯಾವುದೂ ಖಡ್ಗ ಎಳೆಯಲು ಬೇಕಾಗಲಿಲ್ಲ, ಮಿಮ್ ಮತ್ತೆ ಬರಲಿಲ್ಲ. ದೂರು ನ್ಯಾಯವಾದದ್ದೇ. ನಮ್ಮವರು ಸಹಜವಾಗಿ ಸೀತಾಸ್ವಯಂವರದ ಶಿವಧನುಸ್ಸನ್ನು ನೆನೆಯುತ್ತಾರೆ. ಕುಮಾರವ್ಯಾಸನ ಗದುಗಿನಲ್ಲಿ ಗಮಕ ಕೇಳಿ ಬೆಳೆದವರು ಸೂತನ ಮನೆಯಲ್ಲಿ ಬೆಳೆದ ಕರ್ಣನನ್ನೂ ನೆನೆದಾರು. ಈ ಹೋಲಿಕೆಗಳನ್ನು ಬರೆದುಕೊಳ್ಳುವಾಗ ವ್ಯತ್ಯಾಸವನ್ನೂ ಕೇಳಿ. ರಾಮನಿಗೆ ತಾನು ಎತ್ತುತ್ತಿರುವುದು ಏನೆಂದು ಗೊತ್ತಿತ್ತು. ವಾರ್ಟ್‌ಗೆ ಗೊತ್ತಿಲ್ಲ, ಅಣ್ಣನಿಗೆ ತುರ್ತಾಗಿ ಒಂದು ಕತ್ತಿ ಬೇಕಾಗಿತ್ತು ಅಷ್ಟೆ. ಅವನ ತಂದೆ ಯಾರೆಂಬುದನ್ನೂ ಚಿತ್ರ ಬಿಡಿಸಿ ಹೇಳುವುದಿಲ್ಲ. ಕೊನೆಯಲ್ಲಿ ತಲೆಗಿಂತ ದೊಡ್ಡದಾದ ಕಿರೀಟ ಹೊತ್ತು ಸಿಂಹಾಸನದಲ್ಲಿ ಕೂತ ಹುಡುಗ, ಓಡಿಹೋಗಬೇಕೆಂದು ಬಾಗಿಲು ತೆರೆದರೆ ಹೊರಗೆಲ್ಲ ಜಯಕಾರ ಹಾಕುವ ಜನ. ಇದನ್ನು ಅರೆಬರೆ ಮುಕ್ತಾಯವೆನ್ನುವವರ ಜೊತೆಗೆ, ಹೆದರಿದ ರಾಜನನ್ನು ತೋರಿಸಿದ ಧೈರ್ಯವೆನ್ನುವವರೂ ಇರಬಹುದು. ನಾನು ಎರಡನೆಯವರ ಕಡೆ. ಆದರೆ ಅಭಿಪ್ರಾಯ ಕೂಡಿಸುವ ಹೊತ್ತಿನಲ್ಲಿ ನಿಮ್ಮ ಪಕ್ಷ ಯಾವುದೆಂದು ಹೇಳಬಾರದು.

ಆರ್ಥರನ ಪುರಾಣ ಓದಿದವರು ಯಾರಾದರೂ ಇದ್ದರೆ, ಕಲ್ಲಿನ ಖಡ್ಗವೂ ಎಕ್ಸ್‌ಕ್ಯಾಲಿಬರ್ ಎಂಬ ಪ್ರಸಿದ್ಧ ಖಡ್ಗವೂ ಒಂದೇ ಅಲ್ಲವೇ ಎಂಬ ಮಾತು ಏಳಬಹುದು. 1485ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಮುದ್ರಿಸಿದ ಥಾಮಸ್ ಮ್ಯಾಲರಿಯ ಕೃತಿಯಲ್ಲಿ ಆರ್ಥರ್ ಕಲ್ಲಿನಿಂದ ಒಂದು ಖಡ್ಗ ಎಳೆಯುತ್ತಾನೆ, ಮುಂದೆ ಸರೋವರದ ದೇವಿಯಿಂದ ಇನ್ನೊಂದನ್ನು ಪಡೆಯುತ್ತಾನೆ. ಇಷ್ಟು ಹೇಳಿ ವಿಷಯವನ್ನು ಚಿತ್ರಕ್ಕೆ ಮರಳಿಸಿ, ಇಲ್ಲವಾದರೆ ಸಂಜೆಯೆಲ್ಲ ಅದರಲ್ಲೇ ಹೋಗುತ್ತದೆ.

ಕಣ್ಣು ಕಿವಿ ಚುರುಕಾದವರು ಎರಡು ಸಂಗತಿ ಹಿಡಿಯುತ್ತಾರೆ. ವಾರ್ಟ್‌ನ ದನಿ ನಡುನಡುವೆ ಬದಲಾಗುತ್ತದೆ: ಮೊದಲು ದನಿ ಕೊಟ್ಟ ರಿಕಿ ಸೊರೆನ್ಸನ್ ಎಂಬ ಹುಡುಗನ ಕಂಠ ಒಡೆದದ್ದರಿಂದ ನಿರ್ದೇಶಕರ ಇಬ್ಬರು ಗಂಡುಮಕ್ಕಳು ಉಳಿದ ಭಾಗಕ್ಕೆ ದನಿ ಕೊಟ್ಟರು. ರೇಖೆಗಳು ಒರಟಾಗಿ, ಪೆನ್ಸಿಲ್ಲಿನ ಗೀರು ಉಳಿದಂತೆ ಕಾಣುತ್ತವೆ: ಕಲಾವಿದರ ರೇಖಾಚಿತ್ರವನ್ನು ಕೈಯಿಂದ ಮಸಿಯಲ್ಲಿ ತಿದ್ದುವ ಬದಲು ಜೆರಾಕ್ಸ್ ತಂತ್ರದಿಂದ ನೇರವಾಗಿ ಪಾರದರ್ಶಕ ಹಾಳೆಗೆ ಇಳಿಸುವ ಪದ್ಧತಿ ಆ ಹೊತ್ತಿಗೆ ಬಂದಿತ್ತು. ಚಿತ್ರಕಲೆ ಕಲಿಯುವ ಮಕ್ಕಳಿಗೆ ಈ ಗೀರು ಇಷ್ಟವಾಗುತ್ತದೆ, ಇಂದಿನ ಕಂಪ್ಯೂಟರ್ ಅನಿಮೇಷನ್ ನೋಡಿ ಬೆಳೆದವರಿಗೆ ‘ಹಳೇದು’ ಅನಿಸುತ್ತದೆ. ಎರಡನ್ನೂ ಬರೆದುಕೊಳ್ಳಿ.

ಮಾತನ್ನು ಹಿಡಿಯುವ ಬಗೆ

ಒಂದು ವಹಿಯ ಪುಟವನ್ನು ಮೂರು ಭಾಗ ಮಾಡಿ: ಎಡಕ್ಕೆ ದೃಶ್ಯ, ನಡುವೆ ಆಡಿದ ಮಾತು, ಬಲಕ್ಕೆ ಆಡಿದವರ ವಯಸ್ಸು ಮತ್ತು ಅವರು ಎಷ್ಟನೆಯ ಸಲ ನೋಡಿದವರು ಎಂಬುದು. ಉದಾಹರಣೆಗೆ ‘ಅಡುಗೆಮನೆಯಲ್ಲಿ ಪಾತ್ರೆಗಳು ತಾವೇ ತೊಳೆದುಕೊಳ್ಳುವುದು’ ಎಂದು ಎಡಕ್ಕೆ, ‘ನಮ್ಮ ಮನ್ಯಾಗ ಹಿಂಗ ಆದ್ರ ಅವ್ವ ಕುಂತು ಟೀವಿ ನೋಡಬಹುದಿತ್ತು’ ಎಂದು ನಡುವೆ, ‘ಹತ್ತು ವರ್ಷ, ಮೊದಲ ಸಲ’ ಎಂದು ಬಲಕ್ಕೆ ಬರೆದರೆ ಒಂದು ಸಾಲು ಪೂರ್ತಿಯಾಯಿತು. ಮಾತನ್ನು ಆಡಿದ ರೀತಿಯಲ್ಲೇ ಬರೆಯಿರಿ. ‘ಅಳಿಲ ಪಾಪ ಅನಸ್ತು’ ಎಂದದ್ದನ್ನು ‘ಅಳಿಲಿನ ಸ್ಥಿತಿ ಕರುಣಾಜನಕವಾಗಿತ್ತು’ ಎಂದು ತಿದ್ದಿದರೆ ಮಾತು ಮಗುವಿನದಾಗಿ ಉಳಿಯುವುದಿಲ್ಲ, ನಿಮ್ಮದಾಗುತ್ತದೆ. ನಿಮ್ಮ ವಿವರಣೆಯನ್ನು ಗ್ರಾಂಥಿಕ ಕನ್ನಡದಲ್ಲಿ ಬರೆದು, ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಲ್ಲಿನ ಆಡುನುಡಿಯಲ್ಲೇ ಇಟ್ಟರೆ ಓದುಗರಿಗೆ ಯಾರು ಮಾತಾಡುತ್ತಿದ್ದಾರೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದಾದರೆ ಮೊದಲೇ ಹೇಳಿ. ಮಕ್ಕಳ ಹೆಸರು, ಶಾಲೆ, ಮನೆಯ ವಿವರ ಬರಹದಲ್ಲಿ ಬೇಡ. ‘ಐದನೇ ತರಗತಿಯ ಹುಡುಗಿ’ ಎಂದರೆ ಸಾಕು, ಅದಕ್ಕೂ ಪಾಲಕರ ಒಪ್ಪಿಗೆ ಇರಲಿ. ಒಬ್ಬರೇ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಿದ್ದರೆ, ಅಂಥವರು ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ, ಅವರಿಗೆ ಬರೆದುಕೊಳ್ಳುವ ಕೆಲಸ ಒಪ್ಪಿಸಿಬಿಡಿ.

ಬರೆಯುವಾಗ

ಸಾಲುಗಳನ್ನು ವ್ಯಕ್ತಿಯ ಪ್ರಕಾರ ಜೋಡಿಸಬೇಡಿ, ದೃಶ್ಯದ ಪ್ರಕಾರ ಜೋಡಿಸಿ. ಆಗ ಒಂದೇ ಅಳಿಲಿನ ಸುತ್ತ ಮಗುವಿನ ಪ್ರಶ್ನೆ, ತಾಯಿಯ ಸಿಟ್ಟು, ಮೇಷ್ಟರ ಸಮರ್ಥನೆ ಅಕ್ಕಪಕ್ಕ ಬಂದು ನಿಲ್ಲುತ್ತವೆ, ನೀವು ಹೆಚ್ಚು ಮಾತು ಸೇರಿಸುವ ಅಗತ್ಯ ಬೀಳುವುದಿಲ್ಲ. ಕಾಳಗಕ್ಕೆ ಎರಡು ಪರಿಚ್ಛೇದ ಬೇಕಾದರೆ ಕೊಡಿ, ಹಾಡುಗಳ ಬಗ್ಗೆ ಯಾರೂ ಮಾತಾಡದಿದ್ದರೆ ಹಾಡುಗಳನ್ನು ಬಿಟ್ಟುಬಿಡಿ.

ಹನ್ನೆರಡು ಜನ ಕೂತಿದ್ದ ಸಭೆಯಿಂದ ‘ಪ್ರೇಕ್ಷಕರ ಪ್ರಕಾರ’ ಎಂದು ಬರೆಯುವುದು ಅತಿಶಯವಾಗುತ್ತದೆ, ‘ಅಂದು ಕೂಡಿದವರಲ್ಲಿ ಹೆಚ್ಚಿನವರು’ ಎನ್ನುವುದು ಪ್ರಾಮಾಣಿಕ. ಶೇಕಡಾವಾರು ಲೆಕ್ಕ, ಐದಕ್ಕೆ ಎಷ್ಟು ನಕ್ಷತ್ರ ಎಂಬ ಎಣಿಕೆ ಇಷ್ಟು ಸಣ್ಣ ಗುಂಪಿಗೆ ಒಗ್ಗುವುದಿಲ್ಲ. ಗುಂಪಿನ ವಿರುದ್ಧ ಒಬ್ಬರೇ ಹೇಳಿದ ಮಾತು ಇದ್ದರೆ ಅದನ್ನು ಬಿಡಬೇಡಿ. ಕಾಳಗ ಬೇಸರವಾಯಿತು, ಸುಮ್ಮನೆ ಗದ್ದಲ ಎಂದು ಒಬ್ಬ ಹುಡುಗಿ ಹೇಳಿದರೆ, ಮೆಚ್ಚಿದ ಹತ್ತು ಮಾತುಗಳಿಗಿಂತ ಅವಳ ಕಾರಣ ಓದುಗರನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ.

ಬಾಲ್ಯದಲ್ಲಿ ನೋಡಿ ಈಗ ಮಕ್ಕಳಿಗೆ ತೋರಿಸುತ್ತಿರುವ ಪಾಲಕರ ಮಾತನ್ನು ಬೇರೆಯಾಗಿಯೇ ಇಡಿ. ಅವರು ಹೊಗಳುವುದು ಚಿತ್ರವನ್ನೋ ತಮ್ಮ ಆ ದಿನಗಳನ್ನೋ ಎಂದು ಅವರಿಗೇ ಹೇಳಲಾಗುವುದಿಲ್ಲ. ‘ಆಗ ನೋಡಿದಾಗ ಕಾಣದೇ ಇದ್ದದ್ದು ಈಗ ಏನು ಕಂಡಿತು?’ ಎಂಬ ಒಂದು ಪ್ರಶ್ನೆ ಇಂಥವರಿಗೆಂದೇ ಮೀಸಲಿಡಿ. ಹುಡುಗನಾಗಿ ನೋಡಿದಾಗ ಮಿಮ್‌ಗೆ ಹೆದರಿದವರು, ತಂದೆಯಾಗಿ ನೋಡಿದಾಗ ಸರ್ ಎಕ್ಟರ್ ಸಾಕುಮಗನ ಮುಂದೆ ಮಂಡಿಯೂರುವ ಗಳಿಗೆಯನ್ನು ಹೇಳಬಹುದು. ಅಂಥ ಉತ್ತರ ಬಂದರೆ ಅದಕ್ಕೆ ಅದರದೇ ಒಂದು ಪರಿಚ್ಛೇದ ಕೊಡಿ.

ಬರಹ ಸಿದ್ಧವಾದ ಮೇಲೆ ಅಚ್ಚಿಗೆ ಕೊಡುವ ಮುಂಚೆ ಮಾತಾಡಿದವರಿಗೆ ಓದಿ ಹೇಳಿ. ‘ನಾ ಹಂಗ ಅಂದಿಲ್ಲ’ ಎಂದವರ ಮಾತನ್ನು ವಾದಿಸದೆ ತಿದ್ದಿ. ‘ಅಂದಿದ್ದೆ, ಆದರ ಈಗ ಹಂಗ ಅನಸೂದಿಲ್ಲ’ ಎಂದವರದು ಇನ್ನೂ ಒಳ್ಳೆಯದು, ಎರಡನ್ನೂ ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಗೋಡೆಪತ್ರಿಕೆಗೆ ಅಂಟಿಸುವುದಾದರೆ ಮಕ್ಕಳು ಬರೆದ ಚಿತ್ರಗಳನ್ನು ಅವರ ಕಣ್ಣಿನ ಎತ್ತರಕ್ಕೆ ಹಾಕಿ, ಬರಹವನ್ನು ಅದರ ಮೇಲೆ ಹಾಕಿ, ಕೆಳಗೊಂದು ಖಾಲಿ ಹಾಳೆ ಮತ್ತು ದಾರಕ್ಕೆ ಕಟ್ಟಿದ ಪೆನ್ಸಿಲ್ ಇರಲಿ. ಅಂದು ಬಾಯಿ ಬಿಡದೆ ಕೂತಿದ್ದವರ ಅಭಿಪ್ರಾಯ ಹೆಚ್ಚಾಗಿ ಆ ಹಾಳೆಯಲ್ಲೇ ಸಿಗುತ್ತದೆ.